ಕಂಕುಳ ಸಂದಿಯ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಚರ್ಮದ ಕಾಯಿಲೆಯ ಬಗ್ಗೆ ಒಂದು ಪುಟ ಬರೆದಿದ್ದೆ. ಇಂಥದ್ದನ್ನು ಯಾರು ಓದುತ್ತಾರೆ ಅಂದುಕೊಂಡಿದ್ದೆ. ಪತ್ರಗಳು ಬಂದವು. ಅರ್ಧಕ್ಕಿಂತ ಜಾಸ್ತಿ ಪತ್ರಗಳ ಕೊನೆಯಲ್ಲಿ ‘ದಯವಿಟ್ಟು ಹೆಸರು ಹಾಕಬೇಡಿ’ ಎಂದಿತ್ತು. ಹಾಕಿಲ್ಲ.

ಆ ಪುಟ ಓದದವರಿಗೆ ನಾಲ್ಕು ಮಾತು. ಕಾಯಿಲೆಯ ಹೆಸರು ಹೇಲಿ-ಹೇಲಿ. ಕನ್ನಡದ ಕಿವಿಗೆ ಇದು ಹೇಗೆ ಕೇಳುತ್ತದೆ ಅಂತ ನನಗೂ ಗೊತ್ತು. ಡಾಕ್ಟರು ಮೊದಲ ಸಲ ಹೇಳಿದಾಗ ನಕ್ಕುಬಿಟ್ಟಿದ್ದೆ. ಪಾಪ, ಅವರು ಗಾಬರಿಯಾದರು. 1939ರಲ್ಲಿ ಇದನ್ನು ಮೊದಲು ವಿವರಿಸಿದವರು ಅಮೆರಿಕದ ಇಬ್ಬರು ಚರ್ಮವೈದ್ಯರು, ಹ್ಯೂ ಹೇಲಿ ಮತ್ತು ಹೊವಾರ್ಡ್ ಹೇಲಿ. ಒಡಹುಟ್ಟಿದವರು. ಅದಕ್ಕೇ ಹೆಸರು ಎರಡು ಸಲ. ಚರ್ಮಕ್ಕೆ ಚರ್ಮ ತಾಗುವ ಕಡೆ ಇದು ಕಾಣಿಸಿಕೊಳ್ಳುತ್ತದೆ: ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕತ್ತು. ಕೆಂಪಾಗುತ್ತದೆ, ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಹಸಿಯಾಗುತ್ತದೆ, ಸೀಳುತ್ತದೆ. ಉರಿ ಇರುತ್ತದೆ, ನೋವು ಇರುತ್ತದೆ, ವಾಸನೆಯೂ ಇರುತ್ತದೆ. ಕೆಲವು ವಾರಗಳಲ್ಲಿ ಮಾಯುತ್ತದೆ. ಮತ್ತೆ ಬರುತ್ತದೆ.

ನನಗೆ 29ನೇ ವಯಸ್ಸಿಗೆ ಶುರುವಾಯಿತು. ಅದಕ್ಕೊಂದು ಹೆಸರು ಸಿಕ್ಕಿದ್ದು 36ಕ್ಕೆ. ಈಗ 58. ನಾನು ಡಾಕ್ಟರಲ್ಲ, ಅಚ್ಚುಮನೆಯಲ್ಲಿ ಕರಡು ತಿದ್ದುವವಳು. ಅಷ್ಟು ನೆನಪಿಟ್ಟುಕೊಂಡು ಓದಿ.

ಪ್ರಶ್ನೆ: ನನಗೆ 34 ವರ್ಷ. ನಾಲ್ಕು ವರ್ಷದಿಂದ ತೊಡೆಸಂದಿನಲ್ಲಿ ಕೆಂಪಾಗಿ ಸೀಳುತ್ತದೆ. ಮೂವರು ಡಾಕ್ಟರು ಫಂಗಸ್ ಅಂದರು. ಮುಲಾಮು ಹಚ್ಚಿದರೆ ಇಳಿಯುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ನಿಮ್ಮ ಪುಟ ಓದಿ ಅನುಮಾನ ಹತ್ತಿತು. ನನ್ನದೂ ಇದೇನಾ ಮೇಡಂ?

ಇರಬಹುದು, ಇಲ್ಲದೆಯೂ ಇರಬಹುದು. ಫಂಗಸ್ ಬಹಳ ಜನರಿಗೆ ಆಗುವಂಥದ್ದು. ನಮ್ಮ ಕಾಯಿಲೆ ಸುಮಾರು 50,000 ಜನರಲ್ಲಿ ಒಬ್ಬರಿಗೆ ಅಂತ ಅಂದಾಜು. ಹಾಗಾಗಿ ಡಾಕ್ಟರು ಮೊದಲು ಫಂಗಸ್ ಅಂದರೆ ಅದು ತಪ್ಪಲ್ಲ. ನಾಲ್ಕು ವರ್ಷವಾದರೂ ಅದನ್ನೇ ಅನ್ನುತ್ತಿದ್ದರೆ ಕೇಳಬೇಕು.

ಮುಲಾಮು ಹಚ್ಚಿದಾಗ ಇಳಿಯುತ್ತದೆ ಅಂದಿರಲ್ಲ, ನಾನು ಏಳು ವರ್ಷ ಸಿಕ್ಕಿಕೊಂಡಿದ್ದು ಅಲ್ಲೇ. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಬೆರೆಸಿರುತ್ತಾರೆ. ಕೆಂಪು ಯಾವ ಕಾರಣದ್ದೇ ಆಗಲಿ, ಸ್ಟೀರಾಯ್ಡ್ ಸ್ವಲ್ಪ ದಿನ ಇಳಿಸುತ್ತದೆ. ‘ನೋಡಿ, ಫಂಗಸ್ಸೇ ಆಗಿತ್ತು’ ಅಂತ ಇಬ್ಬರಿಗೂ ಸಮಾಧಾನ. ಒಂದು ದಿನ ಡ್ರಾಯರ್ ತೆಗೆದು ಖಾಲಿ ಟ್ಯೂಬುಗಳನ್ನು ಎಣಿಸಿದೆ. 31 ಇದ್ದವು. ಅಷ್ಟು ಹೊತ್ತಿಗೆ ಕಂಕುಳಿನ ಚರ್ಮ ತೆಳ್ಳಗಾಗಿ ಹೊಟ್ಟೆಯ ಮೇಲಿನ ಬಸುರಿನ ಗೆರೆಗಳ ಹಾಗೆ ಗೆರೆ ಬಿದ್ದಿತ್ತು. ಆ ಗೆರೆ ಕಾಯಿಲೆಯದ್ದಲ್ಲ, ಟ್ಯೂಬಿನದ್ದು.

ಫಂಗಸ್ಸಿಗೆ ಸಾಮಾನ್ಯವಾಗಿ ಉಂಗುರದಂಥ ಅಂಚು ಇರುತ್ತದೆ, ನಡುವೆ ತಿಳಿಯಾಗುತ್ತಾ ಹೊರಗೆ ಹರಡುತ್ತದೆ. ನಮ್ಮದರಲ್ಲಿ ಉಂಗುರಕ್ಕಿಂತ ಸಾಲು ಸಾಲು ಸಣ್ಣ ಸೀಳು ಜಾಸ್ತಿ, ಒಣಗಿದ ಮಣ್ಣು ಬಿರುಕು ಬಿಟ್ಟ ಹಾಗೆ. ಕಂಕುಳಿನಲ್ಲೋ ಕತ್ತಿನಲ್ಲೋ ಇಂಥದ್ದೇ ಬಂದಿತ್ತಾ? ಮನೆಯಲ್ಲಿ ಬೇರೆ ಯಾರಿಗಾದರೂ ‘ಬೆವರಿನ ಹುಣ್ಣು’ ಅಂತ ಇತ್ತಾ? ಈ ಎರಡನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳದಿದ್ದರೂ. ಜಾಸ್ತಿಯಾದ ದಿನ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತ ದಿನ ನಮ್ಮ ಚರ್ಮ ಬಹಳ ಸಾಧು.

ಮೊದಲು ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಫಂಗಸ್ ಇದೆಯಾ ಅಂತ ನೋಡುತ್ತಾರೆ. ಸುಲಭದ ಪರೀಕ್ಷೆ. ಮುಲಾಮು ಹಚ್ಚುತ್ತಿದ್ದರೆ ಅದನ್ನು ಮುಂಚೆಯೇ ತಿಳಿಸಿ. ಒಂದು ಮಾತು: ಫಂಗಸ್ ಸಿಕ್ಕಿದರೂ ಕಥೆ ಮುಗಿಯಲಿಲ್ಲ. ಹೇಲಿ-ಹೇಲಿಯ ಹಸಿ ಚರ್ಮದ ಮೇಲೆ ಫಂಗಸ್ ಬಂದು ಕೂರುವುದೂ ಉಂಟು. ಖಚಿತವಾಗಬೇಕಾದರೆ ಬಯಾಪ್ಸಿಯೇ ಆಗಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಪೆನ್ಸಿಲ್ ತುದಿಯ ರಬ್ಬರಿಗಿಂತಲೂ ಸಣ್ಣ ಚರ್ಮದ ಚೂರು ತೆಗೆಯುತ್ತಾರೆ. ಒಂದೋ ಎರಡೋ ಹೊಲಿಗೆ. ನನಗೆ ಎರಡು ಚೂರು ತೆಗೆದರು. ಎರಡನೆಯದು ಪೆಂಫಿಗಸ್ ಎಂಬ ಬೇರೊಂದು ಗುಳ್ಳೆ ಕಾಯಿಲೆಯಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಚರ್ಮದ ಮೇಲೆ ಬೀಳುತ್ತದೆ, ಔಷಧಿಯ ದಾರಿಯೇ ಬೇರೆ. ನಮ್ಮದು ಹಾಗಲ್ಲ.

ನನ್ನ ವರದಿಯಲ್ಲಿ ‘ಶಿಥಿಲವಾದ ಇಟ್ಟಿಗೆ ಗೋಡೆಯಂತೆ ಕಾಣುತ್ತದೆ’ ಅಂತ ಬರೆದಿತ್ತು. ಕವಿತೆ ಅಂದುಕೊಂಡೆ. ಅಲ್ಲವಂತೆ, ವೈದ್ಯರು ಈ ಕಾಯಿಲೆಗೆ ಬಳಸುವ ಮಾತೇ ಅದು. ಮೇಲ್ಚರ್ಮದ ಕೋಶಗಳು ಇಟ್ಟಿಗೆಗಳು. ನಮಗೆ ಇಟ್ಟಿಗೆ ಚೆನ್ನಾಗಿದೆ, ನಡುವಿನ ಗಾರೆ ಸಡಿಲ. ಕೋಶದೊಳಗೆ ಕ್ಯಾಲ್ಸಿಯಂ ಸಾಗಿಸುವ ಒಂದು ಪಂಪ್ ಇದೆ. ಅದರ ಜೀನ್ ಎಟಿಪಿ2ಸಿ1. ಈ ಕಾಯಿಲೆಗೆ ಅದೇ ಕಾರಣ ಅಂತ ಗೊತ್ತಾಗಿದ್ದು 2000ದಲ್ಲಿ. ಆ ಜೀನಿನ ಎರಡು ಪ್ರತಿಗಳಲ್ಲಿ ನಮ್ಮ ಒಂದು ಪ್ರತಿ ಕೆಟ್ಟಿರುತ್ತದೆ. ಅಂದರೆ ಅರ್ಧ ಪಂಪಿನಲ್ಲೇ ಸಂಸಾರ. ಸುಮ್ಮನಿದ್ದರೆ ಗೋಡೆ ನಿಂತಿರುತ್ತದೆ. ಸೆಕೆ, ಬೆವರು, ಉಜ್ಜಾಟ ಸೇರಿದರೆ ಇಟ್ಟಿಗೆ ಬಿಟ್ಟುಕೊಳ್ಳುತ್ತದೆ. (ವರದಿಯಲ್ಲಿ ಒಂದು ಅಕ್ಷರ ತಪ್ಪಿತ್ತು. ಅಳು ಬರುವ ಮೊದಲು ಪೆನ್ನು ತೆಗೆದು ಅದನ್ನು ತಿದ್ದಿದೆ. ಅಭ್ಯಾಸಬಲ.)

ಪ್ರಶ್ನೆ: ನನಗೆ ಹೇಲಿ-ಹೇಲಿ ಅಂತ ಎರಡು ವರ್ಷದ ಹಿಂದೆ ಗೊತ್ತಾಯಿತು. ನೋವು ತಡೆಯಬಲ್ಲೆ, ವಾಸನೆ ತಡೆಯಲಾರೆ. ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತೇನೆ. ಸ್ಪಂಜಿನಲ್ಲಿ ಚೆನ್ನಾಗಿ ತಿಕ್ಕುತ್ತೇನೆ. ಡಿಯೋಡರೆಂಟ್, ಪೌಡರ್ ಎಲ್ಲ ಹಾಕುತ್ತೇನೆ. ಮೊನ್ನೆ ಪಕ್ಕದಲ್ಲಿ ಕೂರುವವಳು ಏನೂ ಹೇಳದೆ ಎದ್ದು ಕಿಟಕಿ ತೆಗೆದಳು. ಅವತ್ತಿನಿಂದ ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ ಅಕ್ಕಾ.

ತಂಗೀ, ಮೊದಲು ಆ ಸ್ಪಂಜನ್ನು ಎಸೆದು ಬಾ. ಆಮೇಲೆ ಮುಂದಿನದು ಓದು.

ಅಚ್ಚುಮನೆಯಲ್ಲಿ ನನ್ನ ಮೇಜನ್ನು ಕೊನೆಗೆ ಹಾಕಿಸಿಕೊಂಡಿದ್ದೆ. ಬೆಳಕಿಗೆ ಅಂತ ಹೇಳಿದ್ದೆ, ನಿಜ ಬೇರೆ ಇತ್ತು. ದಿನವಿಡೀ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಕೂರುತ್ತಿದ್ದೆ, ವಾಸನೆ ಹೊರಗೆ ಬರಬಾರದು ಅಂತ. ಮೇಲಿನ ಕಪಾಟಿನಿಂದ ಪುಸ್ತಕ ಬೇಕಾದರೆ ಬೇರೆಯವರನ್ನು ಕೇಳುತ್ತಿದ್ದೆ. ರಾತ್ರಿ ಬಚ್ಚಲಿನಲ್ಲಿ ಕಲ್ಲು ತೆಗೆದುಕೊಂಡು ಉಜ್ಜುತ್ತಿದ್ದೆ. ಹೌದು, ಹಿಮ್ಮಡಿ ಉಜ್ಜುವ ಕಲ್ಲು. ರಕ್ತ ಬಂದರೆ ಕೊಳೆ ಹೋಯಿತು ಅನ್ನುವ ಸಮಾಧಾನ. ಒತ್ತಿ ಹಿಡಿದ ಕಂಕುಳಿನಲ್ಲಿ ಸೆಕೆ, ಬೆವರು, ಉಜ್ಜಾಟ ಮೂರೂ ಒಟ್ಟಿಗೆ ಇರುತ್ತವೆ ಅಲ್ವಾ? ವಾಸನೆ ಮುಚ್ಚಿಡಲು ನಾನು ಮಾಡಿದ ಒಂದೊಂದು ಕೆಲಸವೂ ವಾಸನೆಯನ್ನೇ ಹೆಚ್ಚು ಮಾಡಿತು. ಇದನ್ನು ನನಗೆ ಬಿಡಿಸಿ ಹೇಳಿದ್ದು ಹೆಸರು ಪತ್ತೆ ಮಾಡಿದ ಡಾಕ್ಟರಲ್ಲ, ಅವರ ಜೊತೆಗಿದ್ದ ನರ್ಸು. ‘ಸಡಿಲ ಗೋಡೆಯನ್ನು ಯಾರಾದರೂ ತಿಕ್ಕಿ ತೊಳೀತಾರಾ?’ ಅಂದರು.

ವಾಸನೆ ನಿನ್ನದಲ್ಲ. ಒಡೆದ ಹಸಿ ಚರ್ಮದ ಮೇಲೆ ಬೆಳೆಯುವ ಬ್ಯಾಕ್ಟೀರಿಯಾದ್ದು. ಆದ್ದರಿಂದ ಕೆಲಸ ಎರಡೇ: ಚರ್ಮ ಒಡೆಯದಂತೆ ನೋಡಿಕೊಳ್ಳುವುದು, ಒಡೆದಾಗ ಬ್ಯಾಕ್ಟೀರಿಯಾ ಹತೋಟಿಯಲ್ಲಿಡುವುದು. ನಾನು ಮಾಡುವುದನ್ನು ಹೇಳುತ್ತೇನೆ. ಉಗುರುಬೆಚ್ಚಗಿನ ನೀರು, ಬರಿಗೈ, ಪರಿಮಳವಿಲ್ಲದ ಮೃದು ಸೋಪು. ಬ್ರಷ್ಷೂ ಇಲ್ಲ, ನಾರೂ ಇಲ್ಲ. ಟವೆಲಿನಲ್ಲಿ ಉಜ್ಜುವುದಿಲ್ಲ, ಒತ್ತಿ ನೀರು ಹೀರಿಸುತ್ತೇನೆ. ಆಮೇಲೆ ಕೈ ಎತ್ತಿ ಫ್ಯಾನಿನ ಕೆಳಗೆ ಐದು ನಿಮಿಷ. ನನ್ನ ಮೊಮ್ಮಗಳು ಇದಕ್ಕೆ ‘ಅಜ್ಜಿ ಶರಣಾಗಿದ್ದಾಳೆ’ ಅನ್ನುತ್ತಾಳೆ. ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮನ್ನು ತೆಳ್ಳಗೆ ಸವರುತ್ತೇನೆ, ಚರ್ಮಕ್ಕೆ ಚರ್ಮ ಉಜ್ಜದಿರಲಿ ಅಂತ. ಡಿಯೋಡರೆಂಟ್ ಬಿಟ್ಟು 20 ವರ್ಷ ದಾಟಿತು. ಒಡೆದ ಚರ್ಮಕ್ಕೆ ಅದು ಉರಿ ಹಚ್ಚುತ್ತದೆ, ಪರಿಮಳದಿಂದ ಅಲರ್ಜಿ ಬೇರೆ ಶುರುವಾಗಬಹುದು. ಪೌಡರ್ ಬೆವರಿನಲ್ಲಿ ಕಲಸಿ ಮರಳಿನ ಹಾಗೆ ಉಜ್ಜುತ್ತದೆ. ಕಂಕುಳಿಗೆ ರೇಜರ್ ಬೇಡ. ಕೂದಲು ಕತ್ತರಿಯಲ್ಲಿ ಗಿಡ್ಡ ಮಾಡಿದರೆ ಸಾಕು.

ಬಟ್ಟೆಯ ತೋಳಿನ ಸಂದು ಅಗಲ ಇರಲಿ. ಒಳಉಡುಪನ್ನು ನಾನು ಎಷ್ಟೋ ಸಲ ಒಳಗಡೆ ಹೊರಗೆ ಮಾಡಿ ತೊಡುತ್ತೇನೆ, ಹೊಲಿಗೆ ಮೈಗೆ ತಾಗುವುದಿಲ್ಲ. ಯಾರು ನೋಡುತ್ತಾರೆ! ಬ್ಯಾಗಿನಲ್ಲಿ ತೊಳೆದು ಮೆತ್ತಗಾದ ಹತ್ತಿ ಬಟ್ಟೆಯ ಎರಡು ತುಂಡು ಇರುತ್ತವೆ. ಮಧ್ಯಾಹ್ನ ಕಂಕುಳಿನದನ್ನು ಬದಲಿಸುತ್ತೇನೆ. ಕುರ್ಚಿಗೆ ಕೈ ಇರಲಿ. ಮೊಣಕೈ ಅದರ ಮೇಲಿಟ್ಟರೆ ಕಂಕುಳಿಗೆ ಗಾಳಿಯಾಡುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ನನಗೆ ಏಳು ವರ್ಷ ಬೇಕಾಯಿತು.

ವಾಸನೆ ದಿಢೀರನೆ ಬದಲಾದರೆ, ಹಳದಿ ಕೀವಿನ ಹಕ್ಕಳೆ ಕಟ್ಟಿದರೆ, ಸೋಂಕು ತಗುಲಿದೆ ಅಂತ ಅರ್ಥ. ಆಗ ಮನೆಯ ಉಪಾಯ ಸಾಲದು. ಡಾಕ್ಟರು ಹಚ್ಚುವ ಆಂಟಿಬಯಾಟಿಕ್ ಕೊಡುತ್ತಾರೆ, ಬೇಕಾದರೆ ಮಾತ್ರೆ. ತೀರಾ ತೆಳುಗೊಳಿಸಿದ ಬ್ಲೀಚ್ ನೀರಿನ ಸ್ನಾನವನ್ನೂ ಕೆಲವರಿಗೆ ಹೇಳುತ್ತಾರೆ. ಅಳತೆ ಅವರಿಂದಲೇ ಬರೆಸಿಕೋ. ಅಂದಾಜಿನಲ್ಲಿ ಸುರಿಯುವ ವಸ್ತುವಲ್ಲ ಅದು.

ಇನ್ನು ಆ ಕಿಟಕಿ. ನಮ್ಮಲ್ಲೂ ಒಬ್ಬರು ಹಾಗೆ ಕಿಟಕಿ ತೆಗೆದಿದ್ದರು. ನಾನು ಒಂದು ವಾರ ಬಾಯಿಪಾಠ ಮಾಡಿ ಹೋಗಿ ಹೇಳಿದೆ: ‘ನನಗೊಂದು ಚರ್ಮದ ಕಾಯಿಲೆ ಇದೆ, ಅಂಟುವುದಿಲ್ಲ, ಕೆಲವು ದಿನ ವಾಸನೆ ಬರುತ್ತೆ, ನಿಮಗೆ ಕಷ್ಟವಾದರೆ ಹೇಳಿ.’ ಅವರು, ‘ಅಯ್ಯೋ, ನಾನು ಸೆಕೆ ಅಂತ ತೆಗೆದೆ ಕಣ್ರೀ’ ಅಂದರು. ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನದಿಂದ ಮೊಣಕೈ ಬಿಟ್ಟು ಕೂತೆ.

ಪ್ರಶ್ನೆ: ಅಮ್ಮನಿಗೆ ಈ ಕಾಯಿಲೆ ಇದೆ. ನನಗೆ 27, ಇನ್ನೂ ಏನೂ ಇಲ್ಲ. ನಾವು ಮಗುವಿನ ಬಗ್ಗೆ ಯೋಚಿಸುತ್ತಿದ್ದೇವೆ. ನನಗೂ ಬರುತ್ತಾ? ಮಗುವಿಗೆ?

ಲೆಕ್ಕ ನಾಣ್ಯ ಚಿಮ್ಮಿದ ಹಾಗೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಆ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂದಿದೆ, ಹಾಗಾಗಿ ತಂಗಿಗೆ ಬರಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಗಂಡು ಹೆಣ್ಣು ಭೇದವಿಲ್ಲ. ನಿಮಗೆ ಆ ಜೀನ್ ಬಂದಿರದಿದ್ದರೆ ನಿಮ್ಮಿಂದ ಮಗುವಿಗೂ ಹೋಗುವುದಿಲ್ಲ. ಸಾಮಾನ್ಯವಾಗಿ 20ರಿಂದ 40ರ ನಡುವೆ ಶುರುವಾಗುವುದರಿಂದ 27ಕ್ಕೆ ಏನೂ ಇಲ್ಲ ಅನ್ನುವುದು ಒಳ್ಳೆಯ ಸುದ್ದಿ, ಪೂರ್ತಿ ಉತ್ತರವಲ್ಲ. ರಕ್ತದ ಜೀನ್ ಪರೀಕ್ಷೆ ಇದೆ. ಮೊದಲು ಅಮ್ಮನ ರಕ್ತದಲ್ಲಿ ಯಾವ ಬದಲಾವಣೆ ಇದೆ ಅಂತ ಹುಡುಕಿ, ಆಮೇಲೆ ಅದೇ ನಿಮ್ಮಲ್ಲಿ ಇದೆಯಾ ಅಂತ ನೋಡುತ್ತಾರೆ. ಪರೀಕ್ಷೆಗೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಂದು ಗಂಟೆ ಕೂತು ಮಾತಾಡಿ, ಇಬ್ಬರೂ. ಇರುವವರಲ್ಲೂ ಒಬ್ಬರಿಗೆ ಜೋರು, ಇನ್ನೊಬ್ಬರಿಗೆ ಕತ್ತಿನಲ್ಲೊಂದು ಕಲೆ ಅಷ್ಟೇ. ಅದನ್ನು ಯಾವ ಪರೀಕ್ಷೆಯೂ ಮುಂಚೆ ಹೇಳುವುದಿಲ್ಲ.

ನನ್ನ ಅಪ್ಪನಿಗೆ ಸೆಕೆಗಾಲ ಬಂದರೆ ಕತ್ತಿನ ಹಿಂದೆ ಹುಣ್ಣಾಗುತ್ತಿತ್ತು. ಕಾಲರ್ ಉಜ್ಜಿ ಆಗಿದ್ದು ಅನ್ನುತ್ತಿದ್ದರು. ನಾವೂ ಹಾಗೇ ನಂಬಿದ್ದೆವು. ಅವರ ಹೆಬ್ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಗೆ ಸಣ್ಣ ಬಿಳಿ ಗೆರೆಗಳಿದ್ದವು, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ನನ್ನ ಡಾಕ್ಟರು ‘ಕೈ ಕೊಡಿ’ ಅಂತ ಉಗುರು ನೋಡಿದರು. ಈ ಕಾಯಿಲೆ ಇರುವ ಅನೇಕರಿಗೆ ಆ ಗೆರೆ ಇರುತ್ತದಂತೆ. ಅಪ್ಪನ ಕೈ ಕಣ್ಣಿಗೆ ಕಟ್ಟಿತು. ಅವರ ಕಾಯಿಲೆಗೆ ಹೆಸರು ಸಿಕ್ಕಿದ್ದು ನನ್ನ ಉಗುರಿನಿಂದ.

ನನ್ನ ಮಗಳು ಪರೀಕ್ಷೆ ಮಾಡಿಸಿಕೊಂಡಳು. ಇಲ್ಲ. ಮಗ ಬೇಡ ಅಂದ. ಒಂದು ಸಲ ಅವನು ಪೇಪರ್ ಓದುತ್ತಿದ್ದಾಗ ನನ್ನ ಕಣ್ಣು ಅವನ ಹೆಬ್ಬೆರಳ ಕಡೆ ಹೋಯಿತು. ತಲೆ ಎತ್ತದೆ, ‘ಅಮ್ಮಾ, ನನಗೂ ಕಣ್ಣಿದೆ’ ಅಂದ. ನಾನು ಎದ್ದು ಒಳಗೆ ಹೋದೆ. ತಿಳಿದುಕೊಳ್ಳುವ ಹಕ್ಕಿನ ಹಾಗೇ ತಿಳಿಯದೆ ಇರುವ ಹಕ್ಕೂ ಇದೆ, ನನಗೆ ಎಷ್ಟೇ ಕಷ್ಟವಾದರೂ. ನಿಮ್ಮದು ನೀವೇ ನಿರ್ಧರಿಸಬೇಕು.

ಪ್ರಶ್ನೆ: ರಕ್ತ ಕೆಟ್ಟು ಹೀಗಾಗುತ್ತೆ, ಪಥ್ಯ ಮಾಡಿದರೆ ವಾಸಿಯಾಗುತ್ತೆ ಅಂತಾರೆ. ಹೌದಾ?

ಇಲ್ಲ. ತೂಕ ಜಾಸ್ತಿ ಇದ್ದರೆ ಇಳಿಸಿ, ಮಡಿಕೆಗಳಲ್ಲಿ ಉಜ್ಜುವುದು ಕಡಿಮೆಯಾಗುತ್ತದೆ. ರಕ್ತ ಚೆನ್ನಾಗಿಯೇ ಇದೆ.

ಪ್ರಶ್ನೆ: ಬೊಟಾಕ್ಸ್ ಇಂಜೆಕ್ಷನ್, ಲೇಸರ್, ಯಾವುದೋ ಹೊಸ ಮಾತ್ರೆ ಅಂತೆಲ್ಲ ಕೇಳಿದ್ದೇನೆ. ಯಾವುದರಿಂದ ಪೂರ್ತಿ ಗುಣವಾಗುತ್ತೆ?

ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ‘ಗ್ಯಾರಂಟಿ’ ಅಂದವರ ಬಾಗಿಲಿನಿಂದ ಹಿಂದೆ ಬನ್ನಿ. ಹತೋಟಿಗೆ ಮಾತ್ರ ದಾರಿಗಳಿವೆ. ಜಾಸ್ತಿಯಾದಾಗ ಕೆಲವು ದಿನ ಸ್ಟೀರಾಯ್ಡ್ ಮುಲಾಮು, ಇಳಿದ ಕೂಡಲೇ ನಿಲ್ಲಿಸುವುದು. ಚರ್ಮ ತೆಳುವಾಗಬಾರದು ಅಂತ ಕೆಲವರಿಗೆ ಟ್ಯಾಕ್ರೋಲಿಮಸ್ ಮುಲಾಮು ಕೊಡುತ್ತಾರೆ. ನನಗೆ ಅದು ಮೊದಲ ವಾರ ಉರಿದು ಆಮೇಲೆ ಒಗ್ಗಿತು. ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಕೆಲವರಿಗೆ ಒಳ್ಳೆಯದಾಗಿದೆ, ಬರೀ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಲ್ಲ, ಉರಿಯೂತ ಇಳಿಸಲಿಕ್ಕೂ ಅದು ಆಗುತ್ತದೆ. ಬೊಟಾಕ್ಸ್ ಬೆವರು ನಿಲ್ಲಿಸುತ್ತದೆ, ಅದರ ಕೆಲಸ ಅಷ್ಟೇ. ನಾನು ಎರಡೂ ಕಂಕುಳಿಗೆ ಹಾಕಿಸಿಕೊಂಡೆ. ಒಂದೊಂದು ಕಡೆ ಹದಿನೈದು ಇಪ್ಪತ್ತು ಸಲ ಸೂಜಿ, ಕಣ್ಣಲ್ಲಿ ನೀರು ಬಂತು. ಐದು ತಿಂಗಳು ಅರಸಿಯ ಹಾಗಿದ್ದೆ, ಆರನೇ ತಿಂಗಳು ಬೆವರು ವಾಪಸ್ ಬಂತು. ನೀವು ಕೇಳಿದ ಮಾತ್ರೆ ಬಹುಶಃ ನಾಲ್ಟ್ರೆಕ್ಸೋನ್, ತೀರಾ ಕಡಿಮೆ ಅಳತೆಯಲ್ಲಿ. ಕೆಲವರಿಗೆ ಬಹಳ ಇಳಿದಿದೆ, ಕೆಲವರಿಗೆ ಏನೂ ಆಗಿಲ್ಲ. ಅಫೀಮಿನ ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಬಾರದು. ಲೇಸರ್‌ನಲ್ಲಿ ಕೆಟ್ಟ ಮೇಲ್ಪದರ ತೆಗೆಯುತ್ತಾರೆ. ಅದೇ ಜಾಗದಲ್ಲಿ ವರ್ಷಗಟ್ಟಲೆ ಬಾರದವರಿದ್ದಾರೆ. ಕಲೆ ಉಳಿದವರೂ ಇದ್ದಾರೆ. ನಾನು ಮಾಡಿಸಿಕೊಂಡಿಲ್ಲ. ಅದಕ್ಕೆ ಕಾರಣ ಬರೀ ಹೆದರಿಕೆ, ವಿಜ್ಞಾನ ಅಲ್ಲ.

ಪ್ರಶ್ನೆ: ಮೂರು ದಿನದಿಂದ ಇದ್ದಕ್ಕಿದ್ದಂತೆ ಕಂಕುಳಿನಲ್ಲಿ ಒಂದೇ ಅಳತೆಯ ಸಣ್ಣ ಕುಳಿ ಕುಳಿ ಹುಣ್ಣು, ಜ್ವರ, ಯಾವತ್ತೂ ಇಲ್ಲದಷ್ಟು ನೋವು. ಮಾಮೂಲಿ ಮುಲಾಮು ಹಚ್ಚುತ್ತಾ ಇರಲಾ?

ಬೇಡ. ಇದು ಅಚ್ಚಾಗುವವರೆಗೆ ಕಾಯುವ ವಿಷಯವಲ್ಲ ಅಂತ ಅವರಿಗೆ ಅವತ್ತೇ ಉತ್ತರ ಕಳಿಸಿದೆ, ಅದೇ ದಿನ ಆಸ್ಪತ್ರೆಗೆ ಹೋಗಿ ಅಂತ. ನಮ್ಮ ಒಡೆದ ಚರ್ಮಕ್ಕೆ ಹರ್ಪಿಸ್ ವೈರಸ್ ಹೊಕ್ಕರೆ ಹೀಗೆ ಆಗಬಹುದು. ಅದಕ್ಕೆ ವೈರಸ್ಸಿನ ಔಷಧಿ ಬೇಕು, ತಡ ಮಾಡಬಾರದು. ಹಾಗೇ, ಒಂದೇ ಜಾಗ ತಿಂಗಳುಗಟ್ಟಲೆ ಮಾಯದೆ ದಪ್ಪಗೆ ಎದ್ದು ನಿಂತರೆ ಅದನ್ನೂ ತೋರಿಸಿ. ಅಪರೂಪಕ್ಕೆ ಅಲ್ಲಿ ಬೇರೆ ಕಾಯಿಲೆ ಇರುತ್ತದೆ.

ಪ್ರಶ್ನೆ: ಕಾಯಿಲೆ ನನ್ನ ಹೆಂಡತಿಗೆ. ಒಂದು ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಹತ್ತಿರ ಹೋದರೆ ‘ಬೇಡ, ನಾನು ಗಲೀಜು’ ಅನ್ನುತ್ತಾಳೆ. ನನಗೆ ಅಂಟುತ್ತೆ ಅನ್ನುವ ಭಯವಿಲ್ಲ. ಏನು ಮಾಡಲಿ?

ಅಂಟುವುದಿಲ್ಲ, ಸರಿಯಾಗಿ ತಿಳಿದುಕೊಂಡಿದ್ದೀರಿ. ಆದರೆ ‘ನನಗೆ ಭಯವಿಲ್ಲ’ ಅನ್ನುವುದು ನಿಮ್ಮ ಧೈರ್ಯದ ಮಾತಾಯಿತು. ಅವರು ಅದರಿಂದ ಇನ್ನಷ್ಟು ಕುಗ್ಗಬಹುದು. ನನ್ನ ಯಜಮಾನರೂ ಮೊದಲು ಅದನ್ನೇ ಹೇಳುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಒಂದು ರಾತ್ರಿ ಬೆನ್ನಿನ ಹತ್ತಿರ, ನನ್ನ ಕೈ ಎಟುಕದ ಕಡೆ ಸೀಳಿತ್ತು. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮುಲಾಮು ಹಚ್ಚಿದರು. ಟಾರ್ಚ್ ಕಚ್ಚಿದ್ದರಿಂದ ಮಾತಾಡಲು ಆಗಲಿಲ್ಲ. ಅದೇ ಒಳ್ಳೆಯದಾಯಿತು.

ನೀವೂ ಕೆಲಸ ಕೇಳಿ, ಸಮಾಧಾನ ಹೇಳಬೇಡಿ. ಹಾಸಿಗೆಯ ಬಟ್ಟೆ ಬದಲಿಸಿ, ಫ್ಯಾನಿನ ದಿಕ್ಕು ಸರಿ ಮಾಡಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಜಾಸ್ತಿಯಾದ ದಿನಗಳಲ್ಲಿ ಕೂಡುವುದು ನೋವು, ಆ ದಿನಗಳನ್ನು ಬಿಡಿ. ಉಳಿದ ದಿನಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಜೆಲ್ ಸಿಗುತ್ತದೆ, ಪರಿಮಳವಿಲ್ಲದ್ದು ತನ್ನಿ. ಮಲಗುವ ಕೋಣೆ ತಂಪಾಗಿರಲಿ. ಮತ್ತೆ, ಗಲೀಜು ಅನ್ನುವ ಮಾತು ವರ್ಷವಿಡೀ ನಡೆಯುತ್ತಿದ್ದರೆ ಅದು ಚರ್ಮದಿಂದ ಮನಸ್ಸಿಗೂ ಇಳಿದಿದೆ. ಅದಕ್ಕೂ ಒಬ್ಬ ಆಪ್ತಸಮಾಲೋಚಕರನ್ನು ನೋಡಬಹುದು. ನಾನು ನೋಡಿದ್ದೇನೆ, ಎಂಟು ತಿಂಗಳು.

ಪ್ರಶ್ನೆ: ನೀವು ಈಗ ಹೇಗಿದ್ದೀರಿ?

ಇದನ್ನು ಕೇಳಿದವರು ಒಬ್ಬರೇ. ಎಡ ಕಂಕುಳು ಐದು ವಾರದಿಂದ ಸುಮ್ಮನಿದೆ. ತೊಡೆಸಂದು ಪರವಾಗಿಲ್ಲ. ಬಲ ಕಂಕುಳು ನಿನ್ನೆ ಸಂಜೆಯಿಂದ ಸ್ವಲ್ಪ ಚುರುಗುಟ್ಟುತ್ತಿದೆ. ಈ ಕರಡು ತಿದ್ದಲು ಜಾಸ್ತಿ ಹೊತ್ತು ಕೂತೆ, ಅದಕ್ಕಿರಬೇಕು. ಮುಲಾಮು ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ಫ್ಯಾನ್ ಹಾಕಿ ಬರುತ್ತೇನೆ.